ಮೂರು ಕೊಟೇಶನ್ನಿನ ಮೂರ್ತಿ ಮಾಮ

ಮೂರ್ತಿ ಮಾಮ ಬೆಂಡೆಕಾಯಿ ಕೊಳ್ಳುವುದನ್ನು ಒಮ್ಮೆ ನೋಡಿದವರಿಗೆ ಅವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಿಲ್ಲಿಯ ರಾಮಕೃಷ್ಣಪುರದಲ್ಲಿ ಅವರ ಸರ್ಕಾರಿ ಕ್ವಾರ್ಟರ್ಸಿನ ಕೆಳಗೆ ಸಂಜೆ ಮೂರು ತರಕಾರಿ ಗಾಡಿಗಳು ಬಂದು ನಿಲ್ಲುತ್ತಿದ್ದವು. ಮಾಮ ಮೊದಲನೆಯವನ ಹತ್ತಿರ ಹೋಗಿ ಒಂದು ಬೆಂಡೆಕಾಯಿಯ ತುದಿ ಮುರಿದು, ದರ ಕೇಳಿ, "ಅಚ್ಛಾ" ಎಂದು ಎರಡನೆಯವನ ಹತ್ತಿರ ನಡೆಯುತ್ತಿದ್ದರು. ಅಲ್ಲಿಯೂ ತುದಿ, ದರ, ಅಚ್ಛಾ. ಮೂರನೆಯವನ ಹತ್ತಿರವೂ ಅಷ್ಟೇ. ಆಮೇಲೆ ಮೂರೂ ಗಾಡಿಗಳಿಂದ ಸಮಾನ ದೂರದಲ್ಲಿ ನಿಂತು ಯೋಚಿಸುತ್ತಿದ್ದರು. ಅವರು ಯೋಚಿಸಿ ಮುಗಿಸುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಎಳೆಯದನ್ನೆಲ್ಲ ಆರಿಸಿಕೊಂಡು ಹೋಗಿರುತ್ತಿದ್ದರು. ಉಳಿದ ಬಲಿತ ಬೆಂಡೆಕಾಯಿಯನ್ನು ತಂದು ಪದ್ಮ ಅತ್ತೆಯ ಮುಂದೆ ಸುರಿದು, "ಮೂರು ಕಡೆ ವಿಚಾರಿಸಿ ತಂದಿದೀನಿ ಕಣೇ" ಎಂದು ನೆಮ್ಮದಿಯಿಂದ ಕೈ ತೊಳೆಯುತ್ತಿದ್ದರು. ಅತ್ತೆ ಆ ಬೆಂಡೆಕಾಯಿಯನ್ನೂ ಗಂಡನನ್ನೂ ಒಂದೇ ಥರ ನೋಡುತ್ತಿದ್ದರು.

ಅವರು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸಾಮಾನು ಖರೀದಿ ಮಾಡುವ ವಿಭಾಗದ ಸೆಕ್ಷನ್ ಆಫೀಸರು. ಗುಂಡುಸೂಜಿಯಿಂದ ಹಿಡಿದು ಕಬ್ಬಿಣದ ಬೀರುವಿನ ತನಕ ಏನೇ ಬೇಕಾದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಬೇಕು, ಮೂರನ್ನೂ ಒಂದು ಹಾಳೆಯ ಮೇಲೆ ಪಕ್ಕಪಕ್ಕ ಬರೆದು ತುಲನಾ ಪಟ್ಟಿ ಮಾಡಬೇಕು, ಟಿಪ್ಪಣಿ ಬರೆಯಬೇಕು, ಮೇಲಿನವರ ಸಹಿಗೆ ಕಳಿಸಬೇಕು. ಮೂವತ್ತು ವರ್ಷ ಇದನ್ನೇ ಮಾಡಿದ್ದರು. ಅಲ್ಲಷ್ಟೇ ಮಾಡಿದ್ದರೆ ಯಾರದೂ ತಕರಾರಿರುತ್ತಿರಲಿಲ್ಲ. ಅದನ್ನು ಮನೆಗೂ ತಂದಿದ್ದರು. ಅವರ ಬಾಯಲ್ಲಿ ಬೇಕು ಅನ್ನುವುದೂ ಇರಲಿಲ್ಲ, ಬೇಡ ಅನ್ನುವುದೂ ಇರಲಿಲ್ಲ. "ಎಕ್ಸಾಮಿನ್ ಮಾಡೋಣ" ಎನ್ನುವುದೊಂದೇ ಇತ್ತು. ಮಗಳು ಅಪರ್ಣಾ ಕಾಲೇಜಿನವರ ಜೊತೆ ಶಿಮ್ಲಾಕ್ಕೆ ಹೋಗಲೇ ಎಂದು ಕೇಳಿದಾಗ ಮಾಮ ಎಕ್ಸಾಮಿನ್ ಮಾಡಿ ಮುಗಿಸುವ ಹೊತ್ತಿಗೆ ಉಳಿದ ಹುಡುಗಿಯರು ಶಿಮ್ಲಾ ನೋಡಿಕೊಂಡು ವಾಪಸು ಬಂದಿದ್ದರು.

ಇಂಥವರ ಕೈಗೆ ನನ್ನ ಅಪ್ಪ ಒಂದು ಕೆಲಸ ಒಪ್ಪಿಸಿದರು. ಅಪ್ಪ ಬದುಕಿನಲ್ಲಿ ಮಾಡಿದ ತಪ್ಪುಗಳಲ್ಲಿ ಅದಕ್ಕೆ ಮೊದಲ ಸ್ಥಾನ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ನಾನಾಗ ದಿಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ದಿಲ್ಲಿಯ ಕಾಲೊನಿಗಳಿಗೆ ನೀರು ತರುವ ಟ್ಯಾಂಕರುಗಳು ಯಾರ ಮಾತಿನಂತೆ ಎಲ್ಲಿ ನಿಲ್ಲುತ್ತವೆ ಎನ್ನುವುದು ನನ್ನ ವಿಷಯ. ಕರೋಲ್ ಬಾಗಿಗೆ ಇನ್ನೂ ಮೆಟ್ರೋ ಬಂದಿರಲಿಲ್ಲ, ಅಂಥ ಕಾಲ. ನಮ್ಮ ವಿಭಾಗದಲ್ಲಿದ್ದ ಕಂಪ್ಯೂಟರು ನಾಲ್ಕು, ಅದರಲ್ಲಿ ನಡೆಯುತ್ತಿದ್ದುದು ಎರಡು, ಸರತಿಯಲ್ಲಿ ನಿಂತವರು ನಲವತ್ತು ಜನ. ನಾಲ್ಕು ವರ್ಷ ಟ್ಯಾಂಕರುಗಳ ಹಿಂದೆ ಅಲೆದು ಬರೆದದ್ದೆಲ್ಲ ಕೈಬರಹದಲ್ಲಿ ರಾಶಿ ಬಿದ್ದಿತ್ತು. ಇದನ್ನು ಕೇಳಿದ ಅಪ್ಪ ಚಿತ್ರದುರ್ಗದಿಂದ ಮೂರ್ತಿ ಮಾಮನಿಗೆ ಹಣ ಕಳಿಸಿ, "ನೀನೇ ನೋಡಿ ನಮ್ಮ ಸುಮಂಗೆ ಒಂದು ಲ್ಯಾಪ್‌ಟಾಪ್ ಕೊಡಿಸಪ್ಪ" ಎಂದು ಪತ್ರ ಬರೆದರು. ಮಾಮ ನನ್ನ ಅಮ್ಮನ ದೊಡ್ಡಪ್ಪನ ಮಗ. ದಿಲ್ಲಿಯಲ್ಲಿ ನಮಗಿದ್ದ ಏಕೈಕ ದಿಕ್ಕು. ಅದು ಜೂನ್ ತಿಂಗಳು. ಮುಂದಿನ ಫೆಬ್ರವರಿ ಮುಗಿಯುವುದರೊಳಗೆ ಥೀಸಿಸ್ ಸಲ್ಲಿಸದಿದ್ದರೆ ವಿಶ್ವವಿದ್ಯಾಲಯದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕುತ್ತಿದ್ದರು. ನಾಲ್ಕು ವರ್ಷದ ದುಡಿಮೆ ನೀರಿಗೆ ಹೋಗುತ್ತಿತ್ತು. ಇದನ್ನು ಮಾಮನಿಗೆ ಮೊದಲ ದಿನವೇ ಬಿಡಿಸಿ ಹೇಳಿದ್ದೆ. "ಎಂಟು ತಿಂಗಳಿದೆಯಲ್ಲಮ್ಮ, ಭೇಷಾಯ್ತು" ಎಂದಿದ್ದರು.

ಮೊದಲ ಭಾನುವಾರವೇ ಕರೋಲ್ ಬಾಗಿಗೆ ಹೋದೆವು. ಮಾಮನ ತೋಳಿಲ್ಲದ ಸ್ವೆಟರನ್ನು ಬೇಸಿಗೆಯೆಂದು ಅತ್ತೆ ಬಿಚ್ಚಿಸಿದ್ದರು. ಜೇಬಿನ ಎರಡು ಪೆನ್ನು, ಬಗಲಿನ ರೆಕ್ಸಿನ್ ಚೀಲ ಹಾಗೇ ಇದ್ದವು. ಸೈಕಲ್ ರಿಕ್ಷಾದಿಂದ ಇಳಿದು ಭಾಟಿಯಾ ಎನ್ನುವವರ ಅಂಗಡಿಗೆ ಹೊಕ್ಕೆವು. ಭಾಟಿಯಾ ಒಂದು ಲ್ಯಾಪ್‌ಟಾಪ್ ತೆರೆದು ತೋರಿಸಿದರು. ನನಗೆ ಅದು ಸಾಕಿತ್ತು. ಮಾಮ ಅದನ್ನು ಮುಚ್ಚಿ, ತಮ್ಮ ರೆಕ್ಸಿನ್ ಚೀಲಕ್ಕೆ ಹಾಕಿಕೊಂಡು, ಅಂಗಡಿಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದರು.

"ಬಸ್ ಹತ್ತೋವಾಗ ಹೆಗಲಿಗೆ ಎಷ್ಟು ಭಾರ ಬೀಳತ್ತೆ ಅಂತ ನೋಡ್ದೆ," ಎಂದರು.

ಗಿರಾಕಿ ಕೈತಪ್ಪೀತೆಂದು ಗಾಬರಿಯಾದ ಭಾಟಿಯಾ ಒಳಗಿನಿಂದ ಇನ್ನೊಂದು ತಂದರು. ಅದು ಆಗಷ್ಟೇ ಬಂದಿದ್ದ ಟ್ಯಾಬ್ಲೆಟ್. ಈಗಿನಂತೆ ಬೆರಳಿನಿಂದ ತೀಡುವಂಥದ್ದಲ್ಲ. ಪರದೆಯನ್ನು ತಿರುಗಿಸಿ ಮಡಚಿದರೆ ಸ್ಲೇಟಿನ ಹಾಗೆ ಕೈಯಲ್ಲಿ ಹಿಡಿದು, ಅದರದೇ ಪೆನ್ನಿನಿಂದ ಮೇಲೆ ಬರೆಯಬಹುದಿತ್ತು. ಭಾಟಿಯಾ ಪೆನ್ನನ್ನು ಮಾಮನ ಕೈಗೆ ಕೊಟ್ಟರು. ಮಾಮ ಕನ್ನಡಕ ಸರಿಮಾಡಿಕೊಂಡು ಪರದೆಯ ಕೆಳಗಿನ ಬಲ ಮೂಲೆಯಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು. ಸಹಿ ಮೂಡಿತು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಲ್ಲಿಗೆ ನನ್ನ ಕತೆ ಮುಗಿಯಿತು.

"ಮಾಮ, ನನಗೆ ಟೈಪ್ ಮಾಡ್ಬೇಕು. ಕೈಯಲ್ಲಿ ಬರೆದದ್ದು ನನ್ನ ಹತ್ರ ಬೇಕಾದಷ್ಟಿದೆ," ಎಂದೆ.

"ಅದು ಸರಿಯಮ್ಮ. ಆದರೆ ಇಂಥದ್ದೊಂದು ಮಾರ್ಕೆಟ್‌ನಲ್ಲಿದೆ ಅಂತ ಗೊತ್ತಾದ ಮೇಲೆ ಅದನ್ನ ಪಕ್ಕದಲ್ಲಿಟ್ಟು ನೋಡದೆ ಇನ್ನೊಂದು ತಗೊಂಡ್ರೆ ನಾಳೆ ಆಡಿಟ್‌ನವರು ಕೇಳ್ತಾರೆ."

"ಯಾವ ಆಡಿಟ್ ಮಾಮ?"

"ನಿಮ್ಮಪ್ಪ," ಎಂದರು ಗಂಭೀರವಾಗಿ.

ಅಂದಿನಿಂದ ಶುರುವಾಯಿತು. ಉದ್ದ ಹಾಳೆಯೊಂದರ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದು ತುಲನಾ ಪಟ್ಟಿ ಸಿದ್ಧವಾಯಿತು. ಎಡಗಡೆ ಲ್ಯಾಪ್‌ಟಾಪು, ಬಲಗಡೆ ಟ್ಯಾಬ್ಲೆಟ್ಟು. ತೂಕ ಎಷ್ಟು, ಬಿಸಿ ಎಷ್ಟಾಗುತ್ತದೆ, ಕರೆಂಟು ಹೋದರೆ ಎಷ್ಟು ಹೊತ್ತು ಬಾಳುತ್ತದೆ, ಕೆಳಗೆ ಬಿದ್ದರೆ ಏನಾಗುತ್ತದೆ, ಪೆನ್ನು ಕಳೆದರೆ ಬೇರೆ ಎಲ್ಲಿ ಸಿಗುತ್ತದೆ, ಕೂತು ಬಳಸಬಹುದೇ, ನಿಂತು ಬಳಸಬಹುದೇ, ಮಲಗಿ ಬಳಸಬಹುದೇ. ನಾನು ಮಲಗಿಕೊಂಡು ಥೀಸಿಸ್ ಬರೆಯುವುದಿಲ್ಲ ಎಂದರೆ, "ದಿನಬಳಕೆ ಅಂದಮೇಲೆ ಎಲ್ಲಾ ಭಂಗಿನೂ ಬರತ್ತಲ್ಲಮ್ಮ" ಎಂದರು. ಪ್ರತಿ ಭಾನುವಾರ ಊಟಕ್ಕೆ ಹೋದಾಗ ಪಟ್ಟಿಯಲ್ಲಿ ಒಂದೆರಡು ಸಾಲು ಬೆಳೆದಿರುತ್ತಿತ್ತು. ವಾರವಿಡೀ ಆಫೀಸಿಗೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಿ ಇಸ್ಪೀಟಾಡುವ ಗುಮಾಸ್ತರನ್ನೆಲ್ಲ ಅಭಿಪ್ರಾಯ ಕೇಳಿಕೊಂಡು ಬರುತ್ತಿದ್ದರು. ಆ ಗುಮಾಸ್ತರಲ್ಲಿ ಒಬ್ಬನೂ ಲ್ಯಾಪ್‌ಟಾಪನ್ನಾಗಲಿ ಟ್ಯಾಬ್ಲೆಟ್ಟನ್ನಾಗಲಿ ಮುಟ್ಟಿದವನಲ್ಲ. ಆದರೂ ಎಲ್ಲರಿಗೂ ಅಭಿಪ್ರಾಯವಿತ್ತು.

ಟ್ಯಾಬ್ಲೆಟ್ ಕೈಬರಹವನ್ನು ತಾನೇ ಓದಿ ಅಚ್ಚಕ್ಷರ ಮಾಡುತ್ತದಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದಕ್ಕೆ ಮತ್ತೊಮ್ಮೆ ಭಾಟಿಯಾರ ಅಂಗಡಿಗೆ ಎಳೆದುಕೊಂಡು ಹೋದರು. ನಾನು ಒಂದು ಪ್ಯಾರಾ ಬರೆದೆ. ಅದಕ್ಕೆ ಒಂದಕ್ಷರವೂ ತಿಳಿಯಲಿಲ್ಲ. ಮಾಮ ನನ್ನ ಹೆಗಲ ಮೇಲಿಂದ ಬಗ್ಗಿ ಆ ಪ್ಯಾರಾವನ್ನು ಗಡಗಡ ಓದಿಬಿಟ್ಟರು. "ನಮ್ಮ ಜಾಯಿಂಟ್ ಸೆಕ್ರೆಟರಿ ಅಕ್ಷರಕ್ಕಿಂತ ನಿಂದು ವಾಸಿ" ಎಂದು ಹೊಗಳಿದರು. ಪಟ್ಟಿಯಲ್ಲಿ ಟ್ಯಾಬ್ಲೆಟ್ಟಿನ ಕಡೆ ಒಂದು ಕೆಂಪು ಗೀಟು ಬಿತ್ತು. ಇನ್ನೇನು ಲ್ಯಾಪ್‌ಟಾಪ್ ಗೆದ್ದಿತು ಎಂದುಕೊಂಡೆ. ಆದರೆ ಕೊಟೇಶನ್ ಒಂದೇ ಆಗಿತ್ತಲ್ಲ!

ಎರಡನೆಯದು ನೆಹರೂ ಪ್ಲೇಸಿನಿಂದ ಬರಬೇಕು. ಅದು ಬಂದದ್ದು ಆಗಸ್ಟಿನಲ್ಲಿ. ಮೂರನೆಯದಕ್ಕೆ ನೋಯ್ಡಾಕ್ಕೆ ಹೋಗಿಬಂದರು. ಬಂದವರು, ನೋಯ್ಡಾ ಉತ್ತರ ಪ್ರದೇಶವಾದ್ದರಿಂದ ಅಲ್ಲಿನ ವಾರಂಟಿ ದಿಲ್ಲಿಯಲ್ಲಿ ನಡೆಯುತ್ತದೋ ಇಲ್ಲವೋ ಎಂದು ಕಂಪನಿಗೆ ಪತ್ರ ಹಾಕಿದರು. ಉತ್ತರ ಬರುವ ಹೊತ್ತಿಗೆ ಕರೋಲ್ ಬಾಗಿನ ಕೊಟೇಶನ್ನಿನ ಮೂವತ್ತು ದಿನದ ಅವಧಿ ಎಂದೋ ಮುಗಿದಿತ್ತು. ಅವಧಿ ಮುಗಿದ ಕೊಟೇಶನ್ನನ್ನು ಪಟ್ಟಿಯಲ್ಲಿ ಇಡುವ ಹಾಗಿಲ್ಲ. ಮತ್ತೆ ಭಾಟಿಯಾ. ಭಾಟಿಯಾ ಹೊಸದು ಕೊಡುವಷ್ಟರಲ್ಲಿ ನೆಹರೂ ಪ್ಲೇಸಿನದು ಮುಗಿಯಿತು. ದೀಪಾವಳಿ ಬಂತು, ಅಂಗಡಿಗಳಲ್ಲಿ ಹೊಸ ಮಾಡೆಲ್ಲುಗಳು ಬಂದವು, ಪಟ್ಟಿ ಮತ್ತೆ ಮೊದಲಿನಿಂದ ಶುರುವಾಯಿತು. ನಾನು ಹಲ್ಲು ಕಚ್ಚಿಕೊಂಡು ಊಟ ಮಾಡಿ ಹಾಸ್ಟೆಲ್ಲಿಗೆ ವಾಪಸಾಗುತ್ತಿದ್ದೆ.

"ಅಕ್ಕಾ, ಪಾಪಾನ ಕೇಳ್ಬೇಡ ನೀನು. ಖುದ್ ಜಾಕೇ ಲೇ ಲೋ ನಾ," ಎಂದು ಅಪರ್ಣಾ ಹೇಳಿದಳು. ನಾನೇ ಹೋಗಿ ಕೊಳ್ಳೋಣವೆಂದರೆ ಹಣ ಮಾಮನ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು. ಅಪ್ಪನಿಗೆ ಫೋನ್ ಮಾಡಿ ಗೋಳಾಡಿದೆ. ಅಪ್ಪ, "ಮೂರ್ತಿ ನೋಡ್ತಾ ಇದಾನಲ್ಲ, ಅವನು ತಗೊಂಡ್ರೆ ಒಳ್ಳೇದೇ ತಗೋತಾನೆ" ಎಂದರು.

ಜನವರಿ ಕೊನೆಯ ಭಾನುವಾರ ಮಾಮ ಬಾಗಿಲು ತೆಗೆದು, "ಬಾಮ್ಮ, ಸಂತೋಷದ ಸುದ್ದಿ ಇದೆ. ಇನ್ನೊಂದೆರಡು ತಿಂಗಳು ತಡೆದ್ರೆ ಟ್ಯಾಬ್ಲೆಟ್‌ನಲ್ಲೇ ಹಗುರದ್ದು ಬರತ್ತಂತೆ" ಎಂದರು. ನನಗೆ ತಲೆ ಕೆಟ್ಟುಹೋಯಿತು. ಅವರ ಮನೆಯ ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ, ಬಾಯಿಗೆ ಬಂದಂತೆ ಅಂದೆ. ನಿಮ್ಮಿಂದ ನನ್ನ ನಾಲ್ಕು ವರ್ಷ ಹಾಳಾಯಿತು ಎಂದೆ. ನಿಮ್ಮ ಪಟ್ಟಿಗೆ ನೀವೇ ಸಹಿ ಹಾಕಿಕೊಂಡು ಕೂತಿರಿ, ನಿಮಗೆ ಬದುಕಿನಲ್ಲಿ ಒಂದು ಬೆಂಡೆಕಾಯಿ ಆರಿಸುವ ಯೋಗ್ಯತೆಯಿಲ್ಲ ಎಂದೆ. ಅತ್ತೆ ಅಡಿಗೆಮನೆಯಿಂದ ಬಂದು ನಿಂತರು. ಅವರು ನನ್ನನ್ನು ತಡೆಯಲಿಲ್ಲ. ಮಾಮ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಊಟ ಮಾಡದೆ ಹೊರಟುಬಂದೆ.

ವಿಶ್ವವಿದ್ಯಾಲಯದ ಪಕ್ಕದ ಬೇರ್ ಸರಾಯ್‌ನಲ್ಲಿ ಥೀಸಿಸ್ ಟೈಪ್ ಮಾಡಿಕೊಡುವ ಅಂಗಡಿಗಳ ಸಾಲೇ ಇತ್ತು. ಎಲ್ಲರ ಥೀಸಿಸ್ಸಿಗೂ ಫೆಬ್ರವರಿಯೇ ಗತಿಯಾದ್ದರಿಂದ ಟೈಪಿಸ್ಟುಗಳು ಯಾರೂ ಖಾಲಿ ಇರಲಿಲ್ಲ. ಇದ್ದ ಒಬ್ಬ ನನ್ನ ಅಕ್ಷರ ನೋಡಿ ಕೈಮುಗಿದ. ತಿವಾರಿ ಎಂಬಾತ ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಿಟ್ಟುಕೊಡಲು ಒಪ್ಪಿದ. ನಾನು ಎರಡು ಬೆರಳಿನಲ್ಲಿ ಕುಟ್ಟುವವಳು. ಮೂರು ದಿನಕ್ಕೆ ಹದಿನಾಲ್ಕು ಪುಟವಾಯಿತು. ಉಳಿದದ್ದು ಇನ್ನೂರಕ್ಕೂ ಹೆಚ್ಚು.

ನಾಲ್ಕನೆಯ ದಿನ ಬೆಳಿಗ್ಗೆ ತಿವಾರಿಯ ಅಂಗಡಿಯ ಬಾಗಿಲಲ್ಲಿ ಮೂರ್ತಿ ಮಾಮ ನಿಂತಿದ್ದರು. ಒಂದು ಕೈಯಲ್ಲಿ ರೆಕ್ಸಿನ್ ಚೀಲ, ಇನ್ನೊಂದರಲ್ಲಿ ಅತ್ತೆ ಕಟ್ಟಿಕೊಟ್ಟ ಡಬ್ಬಿ.

"ಅರ್ನ್ಡ್ ಲೀವ್ ಹಾಕಿ ಬಂದಿದೀನಿ. ಏಳಮ್ಮ ಆ ಕುರ್ಚಿಯಿಂದ," ಎಂದರು.

ಅವರು ನೌಕರಿಗೆ ಸೇರಿದ್ದೇ ಟೈಪಿಂಗ್ ಪರೀಕ್ಷೆ ಬರೆದು. ಅದು ನನಗೆ ಗೊತ್ತೇ ಇರಲಿಲ್ಲ. ನನ್ನ ಕೈಬರಹದ ಹಾಳೆಗಳನ್ನು ಎಡಗಡೆಗೆ ಒರಗಿಸಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕೀಲಿಗಳ ಕಡೆ ಒಮ್ಮೆಯೂ ನೋಡದೆ ಹೊಡೆಯತೊಡಗಿದರು. ಹಳೆಯ ಟೈಪ್‌ರೈಟರಿನ ಅಭ್ಯಾಸದ ಬಲದಲ್ಲಿ ಹೊಡೆಯುತ್ತಿದ್ದುದರಿಂದ ಮೇಜೇ ಅಲುಗುತ್ತಿತ್ತು. ತಿವಾರಿ ಓಡಿಬಂದು, "ಅಂಕಲ್‌ಜೀ, ಧೀರೇ! ಕೀಬೋರ್ಡ್ ಟೂಟ್ ಜಾಯೇಗಾ" ಎಂದು ಬೇಡಿಕೊಂಡ. ಮಾಮ ನಿಲ್ಲಿಸಲಿಲ್ಲ. ಹದಿನಾರು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ, ಮಧ್ಯೆ ಅರ್ಧ ಗಂಟೆ ಊಟ. ಆಫೀಸಿನ ವೇಳೆಯೇ. ಜಗಳದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಮನುಷ್ಯ ಜೂನ್ ತಿಂಗಳಲ್ಲೇ ಹೀಗೆ ಕೂತಿದ್ದರೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೆ ಟೈಪ್ ಮಾಡಿದ್ದು ಕೃತಜ್ಞತೆಯ ಪುಟ. ಅದನ್ನು ನಾನು ಜಗಳವಾದ ದಿನ ಹಾಸ್ಟೆಲ್ಲಿಗೆ ಬಂದವಳೇ ಕೂತು ಬರೆದಿದ್ದೆ. ಮಾರ್ಗದರ್ಶಕರು, ಗ್ರಂಥಾಲಯದವರು, ಟ್ಯಾಂಕರ್ ಡ್ರೈವರುಗಳು, ಪಕ್ಕದ ಕೋಣೆಯ ಗೆಳತಿ, ಭಾನುವಾರದ ಊಟಕ್ಕಾಗಿ ಪದ್ಮ ಅತ್ತೆ. ಮಾಮ ಅದನ್ನು ಹೊಡೆದು ಮುಗಿಸಿ, ಒಂದು ಸಲ ಮೇಲಿಂದ ಕೆಳಗೆ ಓದಿ, "ಯಾರಾದ್ರೂ ಬಿಟ್ಟುಹೋಗಿದ್ರೆ ನೋಡ್ಕೋಮ್ಮ, ಆಮೇಲೆ ಸೇರಿಸಕ್ಕಾಗಲ್ಲ" ಎಂದರು.

ನಾನು ಅಡಿಟಿಪ್ಪಣಿಗಳಲ್ಲಿ ಮುಳುಗಿದ್ದೆ. ತಲೆಯೆತ್ತದೆ, "ಯಾರೂ ಇಲ್ಲ ಮಾಮ, ಬೇಗ ಮುಗಿಸಿ" ಎಂದೆ.

ಅಲ್ಲಿಗಾದರೂ ಮುಗಿಯಬೇಕೋ ಬೇಡವೋ? ಗಡುವಿನ ಹಿಂದಿನ ದಿನ ಬೈಂಡಿಂಗ್‌ನವನು ಎಡಗಡೆ ಇನ್ನರ್ಧ ಇಂಚು ಜಾಗ ಬೇಕು ಎಂದ. ತಿವಾರಿ ಕಂಪ್ಯೂಟರಿನಲ್ಲಿ ಅಂಚು ಬದಲಿಸಿದ. ಇನ್ನೂರಕ್ಕೂ ಹೆಚ್ಚು ಪುಟ ಒಡೆದುಹೋಯಿತು. ಒಂದು ಉದ್ದ ಸಾಲು, ಅದರ ಕೆಳಗೆ ಎರಡೇ ಶಬ್ದದ ಗಿಡ್ಡ ಸಾಲು, ಮತ್ತೆ ಉದ್ದ, ಮತ್ತೆ ಗಿಡ್ಡ. ಮಾಮ ಟೈಪ್‌ರೈಟರಿನಲ್ಲಿ ಮಾಡುವಂತೆ ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿಬಿಟ್ಟಿದ್ದರು. ಹದಿನಾರು ದಿನ ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ಗಮನಿಸಿರಲಿಲ್ಲ.

"ಮಾಮಾ! ಏನ್ ಮಾಡಿಟ್ರಿ ಇದು!" ಎಂದು ಕೂಗಿಕೊಂಡೆ.

"ಸಾಲು ಮುಗಿದ ಮೇಲೆ ಕ್ಯಾರೇಜ್ ತಳ್ಳಲೇಬೇಕಲ್ಲಮ್ಮ?" ಎಂದರು ಮಾಮ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮರುದಿನ ತಿವಾರಿ ಅಂಗಡಿ ತೆರೆಯುವ ಮೊದಲೇ ಇಬ್ಬರೂ ಬಾಗಿಲಲ್ಲಿದ್ದೆವು. ಫ್ಲಾಪಿಗಳನ್ನು ಹಂಚಿಕೊಂಡು, ಎರಡು ಕಂಪ್ಯೂಟರಿನ ಮುಂದೆ ಕೂತು, ಸಾಲು ಸಾಲಿನ ಕೊನೆಗೂ ಹೋಗಿ ಆ ಎಂಟರುಗಳನ್ನು ಒಂದೊಂದಾಗಿ ಅಳಿಸಿದೆವು. ಇದನ್ನೆಲ್ಲ ಐದು ನಿಮಿಷದಲ್ಲಿ ಮಾಡುವ ದಾರಿಯೊಂದಿದೆ ಎಂದು ಎಷ್ಟೋ ದಿನಗಳ ಮೇಲೆ ಯಾರೋ ಹೇಳಿದರು. ಅವರನ್ನೂ ನಾನು ಕ್ಷಮಿಸಿಲ್ಲ. ಬೈಂಡ್ ಆದ ಪ್ರತಿಗಳನ್ನು ಹೊತ್ತುಕೊಂಡು ಆಡಳಿತ ಕಚೇರಿಗೆ ಓಡಿದಾಗ ಐದು ಗಂಟೆಗೆ ಹತ್ತು ನಿಮಿಷವಿತ್ತು. ಕಿಟಕಿಯ ಗುಮಾಸ್ತ ನಾಳೆ ಬನ್ನಿ ಎಂದ. ನನ್ನ ಕಣ್ಣಲ್ಲಿ ನೀರು ಬಂತು. ಮಾಮ ನನ್ನನ್ನು ಪಕ್ಕಕ್ಕೆ ಸರಿಸಿ, ಕಿಟಕಿಗೆ ಬಗ್ಗಿ, ಅವನ ಸೆಕ್ಷನ್ ಯಾವುದು, ಎಷ್ಟು ವರ್ಷ ಸರ್ವೀಸು, ಡೈರಿ ನಂಬರು ಎಷ್ಟರ ತನಕ ಬಂದಿದೆ ಎಂದು ತಮ್ಮವನನ್ನು ಮಾತಾಡಿಸುವ ಹಾಗೆ ಮೆಲ್ಲಗೆ ಮಾತಾಡಿದರು. ಐದಕ್ಕೆ ಎರಡು ನಿಮಿಷವಿರುವಾಗ ಠಸ್ಸೆ ಬಿತ್ತು. ಮಾಮ ರಸೀದಿಯನ್ನು ಬೆಳಕಿಗೆ ಹಿಡಿದು ತಾರೀಖು ಸರಿಯಾಗಿದೆಯೇ ಎಂದು ನೋಡಿದ ಮೇಲೆಯೇ ನನ್ನ ಕೈಗೆ ಕೊಟ್ಟದ್ದು.

ಪದವಿ ಬಂತು. ಪುಣೆಯಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಥೀಸಿಸ್ಸಿನ ಒಂದು ಪ್ರತಿಯನ್ನು ಮಾಮನಿಗೆ ಕೊಟ್ಟೆ. ಅಪ್ಪನ ಹಣವನ್ನು ಮಾಮ ವಾಪಸು ಕಳಿಸಿದರು, ಜೊತೆಗೆ ತುಲನಾ ಪಟ್ಟಿಯ ಒಂದು ಪ್ರತಿಯನ್ನೂ ಇಟ್ಟು. ಅಪ್ಪನಿಗೆ ಆ ಪಟ್ಟಿ ಬಹಳ ಹಿಡಿಸಿತು.

ಎರಡು ವರ್ಷದ ನಂತರ ಸೆಮಿನಾರಿಗೆಂದು ದಿಲ್ಲಿಗೆ ಹೋದಾಗ ಮಾಮನ ಮನೆಗೆ ಹೋದೆ. ನಿವೃತ್ತಿ ಹತ್ತಿರ ಬಂದು, ಕ್ವಾರ್ಟರ್ಸ್ ಬಿಟ್ಟು ನೋಯ್ಡಾದ ಫ್ಲ್ಯಾಟಿಗೆ ಹೋಗುವ ತಯಾರಿಯಲ್ಲಿದ್ದರು. ನನ್ನ ಬ್ಯಾಗಿನಿಂದ ಹೊಸ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಮಾಮ ಅದನ್ನು ಎತ್ತಿ ತೂಗಿ ನೋಡಿ, "ಎಷ್ಟು ಕಡೆ ವಿಚಾರಿಸ್ದೆ?" ಎಂದರು.

"ಒಂದೇ ಕಡೆ. ಅರ್ಧ ಗಂಟೆಯಲ್ಲಿ ತಗೊಂಡೆ," ಎಂದೆ. ಹೇಳುವಾಗ ಸೇಡು ತೀರಿಸಿಕೊಂಡ ಖುಷಿಯೂ ಇತ್ತು.

"ಟ್ಯಾಬ್ಲೆಟ್ ನೋಡ್ಲೇ ಇಲ್ವಾ?" ಎಂದು ಮಾಮ ಬಹಳ ನೊಂದು ಕೇಳಿದರು.

ಅಷ್ಟರಲ್ಲಿ ಪಕ್ಕದ ಮನೆಯ ಶರ್ಮಾ ಬಂದರು. ಮಾಮ ಸಡಗರದಿಂದ ಎದ್ದು ಬೀರುವಿನಿಂದ ನನ್ನ ಥೀಸಿಸ್ ತಂದರು. ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿದ್ದರು. ನೇರ ಕೃತಜ್ಞತೆಯ ಪುಟ ತೆರೆದು, ಬೆರಳಿಟ್ಟು, "ದೇಖಿಯೇ ಶರ್ಮಾಜಿ, ಹಮಾರಿ ಶ್ರೀಮತೀ ಕಾ ನಾಮ್" ಎಂದು ತೋರಿಸಿದರು. ಅತ್ತೆ ಒಳಗಿನಿಂದ, "ಬರೋರಿಗೆಲ್ಲ ಅದೊಂದನ್ನ ತೋರಿಸ್ತಾರೆ, ಸಾಕಾಗಿದೆ ನಂಗೆ" ಎಂದು ಗೊಣಗಿದರು. ಶರ್ಮಾರ ಹೆಗಲ ಮೇಲಿಂದ ನಾನೂ ಬಗ್ಗಿ ನೋಡಿದೆ. ಆ ಪುಟವನ್ನು ಸಲ್ಲಿಸಿದ ಮೇಲೆ ಓದಿರಲಿಲ್ಲ. ಟ್ಯಾಂಕರ್ ಡ್ರೈವರುಗಳ ಹೆಸರೆಲ್ಲ ಇತ್ತು. ಮಾಮನ ಹೆಸರು ಇರಲಿಲ್ಲ.

ಶರ್ಮಾ ಚಹಾ ಕುಡಿದು ಹೋದರು. ಆಮೇಲೆ, "ಮಾಮ, ನಿಮ್ಮ ಹೆಸರು..." ಎಂದೆ.

"ಇರ್ಲಿ ಬಿಡಮ್ಮ. ನೀನಾಗ ಕೋಪದಲ್ಲಿದ್ದೆ. ಕಾರಣನೂ ಇತ್ತು."

"ಟೈಪ್ ಮಾಡೋವಾಗ ನೀವೇ ಸೇರಿಸಬಹುದಿತ್ತಲ್ಲ. ಇಲ್ಲ ನನಗಾದ್ರೂ ಹೇಳಬಹುದಿತ್ತು."

ಮಾಮ ನನ್ನನ್ನು ವಿಚಿತ್ರವಾಗಿ ನೋಡಿದರು. "ಡ್ರಾಫ್ಟ್ ನಿನ್ನದಲ್ವೇನಮ್ಮ? ಡ್ರಾಫ್ಟ್‌ನಲ್ಲಿ ಇಲ್ದೇ ಇರೋದನ್ನ ಟೈಪಿಸ್ಟ್ ಸೇರಿಸಬಾರದು," ಎಂದರು.

ಆ ಚಳಿಗಾಲದಲ್ಲಿ ನೋಯ್ಡಾದ ಹೊಸ ಮನೆಯಲ್ಲಿ, ಬೆಳಗಿನ ಕಾಫಿ ಕುಡಿಯುತ್ತ ಕೂತಿದ್ದ ಮಾಮ ಹಾಗೇ ಹೋಗಿಬಿಟ್ಟರಂತೆ. ಅಪರ್ಣಾ ಫೋನ್ ಮಾಡಿದಳು. ನಾನು ದಿಲ್ಲಿಗೆ ತಲುಪುವಾಗ ಎಲ್ಲ ಮುಗಿದಿತ್ತು.

ಹದಿಮೂರನೆಯ ದಿನ ಮುಗಿಸಿಕೊಂಡು ವಿಶ್ವವಿದ್ಯಾಲಯಕ್ಕೆ ಹೋಗಿ, ಗ್ರಂಥಾಲಯದಲ್ಲಿರುವ ನನ್ನ ಥೀಸಿಸ್ಸಿನ ಒಂದು ಪುಟ ಬದಲಿಸಲು ಅವಕಾಶ ಕೊಡಬೇಕೆಂದು ಅರ್ಜಿ ಕೊಟ್ಟೆ. ಕಿಟಕಿಯಲ್ಲಿದ್ದ ಗುಮಾಸ್ತ ಓದಿ ವಾಪಸು ತಳ್ಳಿದ. ಒಮ್ಮೆ ಸಲ್ಲಿಸಿದ ಥೀಸಿಸ್ಸಿನಲ್ಲಿ ಏನನ್ನೂ ಸೇರಿಸುವಂತಿಲ್ಲ, ನಿಯಮವಿಲ್ಲ ಎಂದ. ಎಷ್ಟು ಬೇಡಿದರೂ ಜಗ್ಗಲಿಲ್ಲ. ಮೂರ್ತಿ ಮಾಮ ಜೊತೆಗಿದ್ದಿದ್ದರೆ ನನ್ನನ್ನು ಪಕ್ಕಕ್ಕೆ ಸರಿಸಿ, ಆ ಗುಮಾಸ್ತನೇ ಸರಿ ಎನ್ನುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಅವರ ಮೇಲೆ ಕೆಟ್ಟ ಕೋಪ ಬರುತ್ತದೆ, ಕೋಪ ಮಾಡಿಕೊಳ್ಳಲು ಅವರಿಲ್ಲ.